ಕಾಫಿನೂ ಬೇಡ, ನೀರೂ ಬೇಡ

ನನ್ನದು ಜೆರಾಕ್ಸ್ ಅಂಗಡಿ. ನಾಡಕಚೇರಿ ಎದುರಿಗೇ ಇದೆ. ಈ ಕಸುಬಿನಲ್ಲಿ ಊರಿನ ಗುಟ್ಟೆಲ್ಲ ಗಾಜಿನ ಮೇಲೆ ಮಗುಚಿ ಬೀಳುತ್ತದೆ. ಪಾಲುಪತ್ರ, ಡೈವೋರ್ಸ್ ನೋಟಿಸು, ಬ್ಯಾಂಕಿನವರ ಕೊನೇ ಎಚ್ಚರಿಕೆ, ಆಸ್ಪತ್ರೆ ರಿಪೋರ್ಟು. ನೋಡಬಾರದು ಅಂದುಕೊಂಡರೂ ಕಣ್ಣು ಓದಿಬಿಡುತ್ತದೆ. ಓದಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರಷ್ಟೇ ವ್ಯಾಪಾರ. ಒಂದು ಸಲ ಬಾಯಿ ಬಿಟ್ಟರೆ ಮಾರನೇ ದಿನದಿಂದ ಜನ ಬಸ್‌ಸ್ಟ್ಯಾಂಡಿನ ಅಂಗಡಿಗೆ ಹೋಗುತ್ತಾರೆ.

ಇಂಥ ನಾನೇ, ಇನ್ನೊಬ್ಬ ಮನುಷ್ಯ ನನ್ನೆದುರು ಬಾಯಿ ಮುಚ್ಚಿಕೊಂಡು ನಿಂತಿದ್ದಕ್ಕೆ ಎರಡು ವರ್ಷ ಉರಿದುಕೊಂಡಿದ್ದೆ.

ಶುರುವಾಗಿದ್ದು ಚರಂಡಿಯಿಂದ. ನಮ್ಮ ಬೀದಿಗೆ ಸಿ.ಸಿ., ಅಂದರೆ ಸಿಮೆಂಟ್ ಕಾಂಕ್ರೀಟಿನ ಚರಂಡಿ ಮಂಜೂರಾಗಿತ್ತು. ಕೆಲಸ ಶುರುವಾಯಿತು, ಗಣೇಶನ ಗುಡಿ ತನಕ ಬಂತು, ನಿಂತಿತು. ನನ್ನ ಅಂಗಡಿ ಗುಡಿ ದಾಟಿದ ಮೇಲೆ ಇರುವುದು. 2019ರ ಮಳೆಗಾಲದಲ್ಲಿ ಚರಂಡಿ ಮುಗಿದ ಜಾಗದಿಂದ ನೀರು ಸೀದಾ ರಸ್ತೆಗೆ, ರಸ್ತೆಯಿಂದ ಸೀದಾ ನನ್ನ ಅಂಗಡಿಗೆ ನುಗ್ಗಿತು. ಕೆಳಗಿನ ಹಲಗೆಯಲ್ಲಿಟ್ಟಿದ್ದ ಎ-ಫೋರ್ ಪೇಪರಿನ 11 ಬಂಡಲ್ ನೆನೆದು ಇಡ್ಲಿ ಥರ ಊದಿಕೊಂಡವು.

ಪಂಚಾಯಿತಿಗೆ ಹೋಗಿ ಕೇಳಿದೆ. "ಆ ಕಾಮಗಾರಿ ಮುಗಿದಿದೆಯಲ್ಲ, ಬಿಲ್ಲೂ ಆಗಿದೆ" ಅಂದರು. ನಾನು ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಪುಟಕ್ಕೆ ಎರಡು ರೂಪಾಯಿಯಂತೆ 38 ಪುಟ ಬಂತು. ಅದರಲ್ಲಿ ಎಂ.ಬಿ., ಅಂದರೆ ಇಂಜಿನಿಯರ್ ಅಳತೆ ಬರೆಯುವ ಪುಸ್ತಕದ ಪುಟವೂ ಇತ್ತು. ಉದ್ದ 150 ಮೀಟರ್ ಅಂತ ನೀಟಾಗಿ ಬರೆದಿತ್ತು. ಬಿಲ್ಲು 4,86,000 ರೂಪಾಯಿ. ಆ ರಾತ್ರಿ ಬಡಗಿಯ ಹತ್ತಿರ ಟೇಪು ಇಸ್ಕೊಂಡು ಮಗನನ್ನು ಕರೆದುಕೊಂಡು ಅಳೆದೆ. 92 ಮೀಟರ್. ಎರಡನೇ ಸಲ ಅಳೆದೆ. 92.

ನನ್ನ ಭಾಮೈದ ತಾಲ್ಲೂಕು ಕೋರ್ಟಿನಲ್ಲಿ ವಕೀಲ. "ಲೋಕಾಯುಕ್ತಕ್ಕೆ ಕೊಡಿ ಭಾವ" ಅಂದ. ಆಮೇಲೆ ಒಂದು ನಿಮಿಷ ಸುಮ್ಮನಿದ್ದು, "ಯೋಚನೆ ಮಾಡಿ ಕೊಡಿ" ಅಂತ ಸೇರಿಸಿದ. ಆ ಎರಡನೇ ಮಾತಿನ ತೂಕ ನನಗೆ ಆಗ ಗೊತ್ತಾಗಲಿಲ್ಲ.

ದೂರಿಗೆ ಎರಡು ನಮೂನೆ. ನಮೂನೆ-1 ದೂರು, ನಮೂನೆ-2 ಅಫಿಡವಿಟ್ಟು. ಬೇರೆಯವರ ಅಫಿಡವಿಟ್ಟು ನೂರಾರು ಟೈಪ್ ಮಾಡಿಕೊಟ್ಟ ನನಗೆ ನನ್ನದೇ ಹೆಸರು ಹಾಕುವಾಗ ಕೈ ಸ್ವಲ್ಪ ನಿಂತಿತು. ನೋಟರಿ ಮುಂದೆ ಪ್ರಮಾಣ ಮಾಡಬೇಕು. ಸುಳ್ಳು ಅಂತ ಗೊತ್ತಿದ್ದೂ ದೂರು ಕೊಟ್ಟರೆ ಜೈಲು, ದಂಡ ಎರಡೂ ಇವೆ ಅಂತ ಭಾಮೈದ ಓದಿ ಹೇಳಿದ. ಲಂಚ, ಅಧಿಕಾರ ದುರುಪಯೋಗದಂಥ ಆರೋಪದ ದೂರಾದರೆ ಘಟನೆ ನಡೆದು ಐದು ವರ್ಷದೊಳಗೆ ಕೊಡಬೇಕು ಅಂದ. ನಮ್ಮದಿನ್ನೂ ಹಸಿ ಹಸಿ ಇತ್ತು, ಆ ತಲೆನೋವು ಇರಲಿಲ್ಲ.

ಅಂಚೆಯಲ್ಲಿ ಕಳಿಸಬಹುದಿತ್ತು. ಆದರೆ ನನಗೆ ಕೈಯಾರೆ ಕೊಟ್ಟು ಸೀಲು ಹಾಕಿಸಿಕೊಂಡರೇ ಸಮಾಧಾನ. ಮೆಜೆಸ್ಟಿಕ್ಕಿನಲ್ಲಿ ಇಳಿದು ಮೆಟ್ರೋ ಹತ್ತಿದರೆ ಎರಡನೇ ಸ್ಟಾಪು ವಿಧಾನಸೌಧ. ಅಲ್ಲಿಂದ ಬಹುಮಹಡಿ ಕಟ್ಟಡಕ್ಕೆ ನಡೆದೆ. ಗೇಟಿನಲ್ಲಿ ಬ್ಯಾಗ್ ಬಿಚ್ಚಿ ತೋರಿಸುವಾಗ 2018ರ ಸುದ್ದಿ ನೆನಪಾಯಿತು. ಆ ವರ್ಷ ಮಾರ್ಚ್ 7ರಂದು ಲೋಕಾಯುಕ್ತರಾಗಿದ್ದ ವಿಶ್ವನಾಥ ಶೆಟ್ಟಿಯವರಿಗೆ ಅವರ ಕಚೇರಿಯೊಳಗೇ ಚಾಕು ಹಾಕಿದ್ದರಲ್ಲ? ಹಾಕಿದವನು ನನ್ನ ಹಾಗೇ ದೂರು ಕೊಟ್ಟವನು. ತನ್ನ ದೂರುಗಳನ್ನು ಮುಕ್ತಾಯ ಮಾಡಿದರು ಅಂತ ಸಿಟ್ಟಾಗಿದ್ದನಂತೆ. ನನ್ನ ಬ್ಯಾಗಿನಲ್ಲಿ ದೂರಿನ ಫೈಲು ಮತ್ತು ಚಿತ್ರಾನ್ನದ ಡಬ್ಬಿ ಬಿಟ್ಟು ಏನೂ ಇರಲಿಲ್ಲ. ಆದರೂ ಗೇಟಿನವರು ಡಬ್ಬಿ ಮುಚ್ಚಳ ತೆಗೆಸಿದಾಗ ನನಗೆ ಬೇಜಾರಾಗಲಿಲ್ಲ.

ಸ್ವಲ್ಪ ದಿನಕ್ಕೆ ದೂರಿನ ನಂಬರು ಬಂತು. ಪಂಚಾಯಿತಿ ಮಟ್ಟದವರ ಮೇಲಿನ ದೂರಾದ್ದರಿಂದ ಅದು ಉಪಲೋಕಾಯುಕ್ತರ ಕಡೆ ಹೋಗಿತ್ತು. ಕಾನೂನಿನ ಪ್ರಕಾರ ದೂರಿನ ಒಂದು ಪ್ರತಿ ಆರೋಪ ಹೊತ್ತವರಿಗೂ ಹೋಗಬೇಕು. ಅವರಿಗೂ ಹೇಳಿಕೊಳ್ಳಲು ಅವಕಾಶ ಬೇಕಲ್ಲ, ಅದು ನ್ಯಾಯವೇ. ಅವರು ಕೊಟ್ಟ ಉತ್ತರದ ಪ್ರತಿ ನನಗೆ ಬಂತು. "ದೂರುದಾರರು ವೈಯಕ್ತಿಕ ದ್ವೇಷದಿಂದ" ಅಂತ ಶುರುವಾಗಿತ್ತು. ಅದಕ್ಕೆ ನಾನು ಮತ್ತೆ ಉತ್ತರ ಬರೆದೆ.

ಆದರೆ ದೂರಿನ ಪ್ರತಿಯಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಅಂಗಡಿ ವಿಳಾಸ ಎಲ್ಲ ಇತ್ತಲ್ಲ. ಅದು ತಲುಪಿದ ವಾರದಲ್ಲೇ ಪಂಚಾಯಿತಿಯ ಜೆರಾಕ್ಸ್ ಕೆಲಸ ನಿಂತಿತು. ತಿಂಗಳಿಗೆ ಎರಡೂವರೆ ಸಾವಿರದ ವ್ಯಾಪಾರ. ಹದಿನೈದು ದಿನಕ್ಕೆ ಒಬ್ಬರು ಬಂದು ನನ್ನ ಅಂಗಡಿಯ ಮುಂದಿನ ಶೀಟು ರಸ್ತೆಗೆ ಎಷ್ಟು ಚಾಚಿದೆ ಅಂತ ನೋಡಿಕೊಂಡು ಹೋದರು. ಮೊದಲು ಹತ್ತು ವರ್ಷ ಅದೇ ಶೀಟಿನ ಕೆಳಗೆ ನಿಂತು ಟೀ ಕುಡಿದವರು ಅವರು.

ದೂರು ಕೊಟ್ಟವರನ್ನು ಕಾಪಾಡೋ ಕಾನೂನು ಇಲ್ವಾ ಅಂತ ಭಾಮೈದನನ್ನು ಕೇಳಿದೆ. "ಇದೆ. 2014ರಲ್ಲೇ ಪಾರ್ಲಿಮೆಂಟಲ್ಲಿ ಪಾಸಾಗಿದೆ. ಜಾರಿಗೆ ಮಾತ್ರ ತಂದಿಲ್ಲ" ಅಂದ. ತಮಾಷೆ ಅಂದುಕೊಂಡೆ. ತಮಾಷೆಯಲ್ಲ, ಹೋಗಿ ಓದಿ ನೋಡಿ.

ಅಷ್ಟರಲ್ಲಿ ಕೊರೊನಾ ಬಂತು. ಎಲ್ಲರ ಫೈಲಿನ ಜೊತೆ ನನ್ನದೂ ಮಲಗಿತು.

2021ರ ಫೆಬ್ರವರಿಯಲ್ಲಿ ಸ್ಥಳ ತನಿಖೆಯ ನೋಟಿಸು ಬಂತು. ಲೋಕಾಯುಕ್ತದಲ್ಲಿ ತಾಂತ್ರಿಕ ವಿಭಾಗ ಅಂತ ಇದೆ, ಇಂಜಿನಿಯರುಗಳದ್ದು. ಅಲ್ಲಿಂದ ಒಬ್ಬರು ಬಂದರು. ಐವತ್ತರ ಆಸುಪಾಸಿನ ಮನುಷ್ಯ. ತೆಳ್ಳಗಿದ್ದರು. ಹೆಗಲಿಗೆ ಕ್ಯಾನ್ವಾಸ್ ಚೀಲ, ಅದರ ಪಕ್ಕದ ಜೇಬಿನಲ್ಲಿ ಸ್ಟೀಲಿನ ನೀರಿನ ಬಾಟ್ಲಿ. ಅರ್ಧ ಊರೇ ನೆರೆದಿತ್ತು. ಒಂದು ಕಡೆ ನಾನು, ಇನ್ನೊಂದು ಕಡೆ ಪಂಚಾಯಿತಿಯವರು ಮತ್ತು ಗುತ್ತಿಗೆದಾರ, ಮಧ್ಯೆ ಚರಂಡಿ.

ನಾನು ಹೋಟೆಲಿನ ಹುಡುಗನ ಕೈಲಿ ಕಾಫಿ ತರಿಸಿದೆ. "ಬೇಡ" ಅಂದರು. ಬಿಸಿಲು ಜೋರಿತ್ತು. ಒಂದು ಲೋಟ ನೀರಾದರೂ ಕುಡೀರಿ ಸಾರ್ ಅಂದೆ. ಬಾಟ್ಲಿ ತೋರಿಸಿದರು. ಗುತ್ತಿಗೆದಾರ ಎಳನೀರು ಕೊಚ್ಚಿಸಿ ಇಟ್ಟಿದ್ದ. ಅದನ್ನೂ ಮುಟ್ಟಲಿಲ್ಲ. ಕಾಫಿ ನಾನೇ ಕುಡಿದೆ. ಎಳನೀರು ಯಾರು ಕುಡಿದರೋ ಗೊತ್ತಿಲ್ಲ.

ಅವರು ಕೆಲಸ ಮಾಡುವುದನ್ನು ನೋಡುವುದೇ ಒಂದು ಪಾಠ. ಟೇಪಿನ ಒಂದು ತುದಿ ನಮ್ಮ ಕಡೆಯವನ ಕೈಲಿ, ಇನ್ನೊಂದು ತುದಿ ಪಂಚಾಯಿತಿ ಕಡೆಯವನ ಕೈಲಿ ಕೊಟ್ಟರು. ಮೂವತ್ತು ಮೀಟರಿಗೊಂದು ಸೀಮೆಸುಣ್ಣದ ಗೆರೆ ಎಳೆಸಿದರು. ಆಮೇಲೆ ಮೂರು ಕಡೆ ಚರಂಡಿಯ ಪಕ್ಕದ ಮಣ್ಣು ತೆಗೆಸಿ, ಹಾರೆಯಲ್ಲಿ ತಳದ ಅಂಚನ್ನು ಬಿಡಿಸಿ, ಮಂಡಿಯೂರಿ ಕೂತು ಉಕ್ಕಿನ ಸ್ಕೇಲು ಹಿಡಿದು ಕಾಂಕ್ರೀಟಿನ ದಪ್ಪ ನೋಡಿದರು. ಪ್ಯಾಂಟಿನ ಮಂಡಿಗೆ ಕೊಚ್ಚೆ ಹತ್ತಿತು. ಒದರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಬರೆದ ಪುಟವನ್ನು ಎದೆಗೆ ಒತ್ತಿಕೊಂಡು ಎದ್ದರು. ಪರೀಕ್ಷೆಯಲ್ಲಿ ಪಕ್ಕದವನಿಗೆ ಕಾಣದ ಹಾಗೆ ಹುಡುಗರು ಪೇಪರ್ ಹಿಡಿಯುತ್ತಾರಲ್ಲ, ಹಾಗೆ.

"ಎಷ್ಟು ಕಮ್ಮಿ ಇದೆ ಸಾರ್?" ಅಂದೆ.

"ಅಳತೆ ಮಹಜರಿನಲ್ಲಿ ಬರೀತೀನಿ. ಓದಿ ಸೈನ್ ಮಾಡಿ."

"ಅಳತೆ ಸರಿ ಸಾರ್. ನಿಮಗೇನನ್ನಿಸುತ್ತೆ?"

"ವರದೀಲಿ ಬರುತ್ತೆ."

ಸ್ವಲ್ಪ ಹೊತ್ತಿಗೆ ಗುತ್ತಿಗೆದಾರನೂ ಹೋಗಿ ಏನೋ ಕೇಳಿದ. ಅವನಿಗೂ "ವರದೀಲಿ ಬರುತ್ತೆ" ಅಂದಿದ್ದು ಕೇಳಿಸಿತು. ಆಗ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ನಾನು ದೂರು ಕೊಟ್ಟವನು, ವ್ಯಾಪಾರ ಕಳೆದುಕೊಂಡವನು, ನನಗೂ ಅವನಿಗೂ ಒಂದೇ ಉತ್ತರವಾ ಅನ್ನಿಸಿತು.

ಹೊರಡುವ ಮುಂಚೆ ಅವರು ಇನ್ನೊಂದು ಕೆಲಸ ಮಾಡಿದರು. ಪಂಚಾಯಿತಿಯ ನೀರುಗಂಟಿಯನ್ನು ಕರೆದು ಗುಡಿಯ ಹಿಂದಿನ ನೀರಿನ ಟ್ಯಾಂಕಿನ ಹತ್ತಿರ ಹೋದರು. ಬೇರೆ ಯಾರೂ ಬರಬೇಡಿ ಅಂದರು. ಇಪ್ಪತ್ತು ನಿಮಿಷ ಮಾತಾಡಿದರು. ನೀರುಗಂಟಿ ದಿನಾ ಬೆಳಿಗ್ಗೆ ಐದಕ್ಕೆ ವಾಲ್ವ್ ತಿರುಗಿಸಲು ಆ ಬೀದಿಯಲ್ಲೇ ಓಡಾಡುವವನು. ಚರಂಡಿ ಕೆಲಸ ಯಾವತ್ತು ಶುರುವಾಯಿತು, ಯಾವತ್ತು ನಿಂತಿತು, ಯಾರು ಬಂದು ಏನು ಹೇಳಿದರು ಎಲ್ಲ ಅವನಿಗೆ ಗೊತ್ತಿರಲೇಬೇಕು. ಆದರೆ ಅವನ ಸಂಬಳ ಪಂಚಾಯಿತಿಯ ಕೈಯಲ್ಲಿ. ಅವನು ಟ್ಯಾಂಕಿನ ಹಿಂದಿನಿಂದ ಬಂದಾಗ ಊರೆಲ್ಲ ಅವನ ಮುಖ ನೋಡಿತು. ಅವನು ಯಾರನ್ನೂ ನೋಡದೆ ಸೈಕಲ್ ಹತ್ತಿದ.

ಮಾಹಿತಿ ಹಕ್ಕಿನಲ್ಲಿ ಆ ತನಿಖೆಯ ಕಾಗದ ತೆಗೆಸೋಣ ಅಂತ ಭಾಮೈದನ ಹತ್ತಿರ ಹೋದೆ. ನನಗೆ ಗೊತ್ತಿದ್ದ ಅಸ್ತ್ರ ಅದೊಂದೇ. "ತನಿಖೆಗೆ ಅಡ್ಡಿಯಾಗೋ ಮಾಹಿತಿ ಕೊಡಬೇಕಿಲ್ಲ ಅಂತ ಆ ಕಾಯ್ದೆಯ ಎಂಟನೇ ಕಲಮೇ ಹೇಳುತ್ತೆ ಭಾವ. ಅದು ಬಿಡಿ, ಲೋಕಾಯುಕ್ತ ಕಾಯ್ದೇಲಿ ಇನ್ನೂ ಗಟ್ಟಿ ಇದೆ" ಅಂತ ಪುಸ್ತಕ ತೆಗೆದ. ತನಿಖೆಯಲ್ಲಿ ಸಿಕ್ಕ ಮಾಹಿತಿ, ಬರೆದುಕೊಂಡ ಸಾಕ್ಷ್ಯ ಎಲ್ಲ ಗೌಪ್ಯ. ಅದರ ಬಗ್ಗೆ ಸಾಕ್ಷಿ ಹೇಳಿ ಅಂತ ಕೋರ್ಟು ಕೂಡ ಅವರನ್ನು ಬಲವಂತ ಮಾಡುವ ಹಾಗಿಲ್ಲ. ವರದಿ ಕೊಡಲು, ಅದರ ಮೇಲೆ ಮುಂದಿನ ಕ್ರಮ ನಡೆಸಲು, ಇಂಥ ಕೆಲವಕ್ಕೆ ಮಾತ್ರ ಆ ಬೀಗ ತೆಗೆಯಬಹುದು.

"ಕೋರ್ಟಿಗೇ ಹೇಳದವರು ನಿಮಗೆ ಹೇಳ್ತಾರಾ?" ಅಂದ. ನನಗೆ ಮೈಯುರಿಯಿತು. ಎದ್ದು ಬಂದೆ.

ಮೂರು ತಿಂಗಳ ಮೇಲೆ ಅದೇ ಭಾಮೈದನ ಮನೆಗೆ ಓಡಿ ಹೋಗಬೇಕಾಯಿತು. ಗುತ್ತಿಗೆದಾರ ಲಾಯರ್ ನೋಟಿಸು ಕಳಿಸಿದ್ದ. ಮಾನನಷ್ಟಕ್ಕೆ ಹತ್ತು ಲಕ್ಷ ಕೊಡಬೇಕಂತೆ. ಇಬ್ಬರ ಹೆಸರಿತ್ತು. ಮೊದಲನೆಯದು ತನಿಖೆಗೆ ಬಂದಿದ್ದ ಇಂಜಿನಿಯರು, ಎರಡನೆಯದು ನಾನು. ಸಾರ್ವಜನಿಕರ ಎದುರು ಚರಂಡಿ ಒಡೆದು ತನ್ನ ಮರ್ಯಾದೆ ಕಳೆದರು ಅನ್ನುವುದು ಅವನ ವಾದ.

ಭಾಮೈದ ನೋಟಿಸು ಓದಿದ, ಪೆನ್ನು ತೆಗೆದ, ಮೊದಲನೇ ಹೆಸರಿನ ಮೇಲೆ ಗೀಟು ಹಾಕಿದ.

"ಇವರ ತಂಟೆಗೆ ಇವನು ಹೋಗೋಕಾಗಲ್ಲ. ಲೋಕಾಯುಕ್ತರು, ಉಪಲೋಕಾಯುಕ್ತರು, ಅವರ ಸಿಬ್ಬಂದಿ, ಇವರು ಸದ್ಭಾವನೆಯಿಂದ ಮಾಡಿದ ಕೆಲಸಕ್ಕೆ ದಾವೆ ಇಲ್ಲ, ಕೇಸಿಲ್ಲ, ಯಾವ ಕ್ರಮವೂ ಇಲ್ಲ. ಬೇಕಿದ್ರೆ ಅಧಿಕಾರ ಮೀರಿದ್ರು ಅಂತ ಹೈಕೋರ್ಟಿಗೆ ರಿಟ್ ಹಾಕಿಕೊಳ್ಳಲಿ, ಅದು ಬೇರೆ ದಾರಿ."

"ಎರಡನೇ ಹೆಸರು?"

"ನೀವು ಸಿಗ್ತೀರ" ಅಂದ. "ಕೊಡೆ ಅವರಿಗೆ, ಮಳೆ ನಿಮಗೆ."

ನಾನು ನಗಲಿಲ್ಲ. ಅವನ ಅಕ್ಕ, ಅಂದರೆ ನನ್ನ ಹೆಂಡತಿ, ಅಡುಗೆಮನೆಯಿಂದಲೇ "ಮೊದಲೇ ಹೇಳಿದ್ದೆ" ಅಂದಳು. ಅವಳು ಮೊದಲು ಏನೂ ಹೇಳಿರಲಿಲ್ಲ. ಆ ನೋಟಿಸಿಗೆ ಉತ್ತರ ಬರೆಸಲು ಭಾಮೈದ ನನ್ನಿಂದ ದುಡ್ಡು ತೆಗೆದುಕೊಳ್ಳಲಿಲ್ಲ, ನಿಜ. ಆದರೆ ಆರು ತಿಂಗಳು ನಿದ್ದೆ ಹೋಯಿತು. ಗುತ್ತಿಗೆದಾರ ಕೊನೆಗೂ ಕೋರ್ಟಿಗೆ ಹೋಗಲಿಲ್ಲ.

ಆ ರಕ್ಷಣೆಯ ಬಗ್ಗೆ ಆಮೇಲೆ ತುಂಬಾ ಯೋಚನೆ ಮಾಡಿದೆ. ಮೊದಮೊದಲು ಹೊಟ್ಟೆಕಿಚ್ಚು. ಸರ್ಕಾರಿ ಸಂಬಳವೂ ಅವರಿಗೆ, ರಕ್ಷಣೆಯೂ ಅವರಿಗೆ. ಆಮೇಲೆ ಆ ಮನುಷ್ಯ ಮಂಡಿಯೂರಿ ಕೂತಿದ್ದು ನೆನಪಿಗೆ ಬಂತು. ಅವರು ವರ್ಷಕ್ಕೆ ಇಂಥ ಎಷ್ಟು ಚರಂಡಿ ಅಗೆಸುತ್ತಾರೋ. ಅಗೆಸಿದ ಪ್ರತಿ ಚರಂಡಿಗೂ ಒಂದು ಹತ್ತು ಲಕ್ಷದ ನೋಟಿಸು ಬಂದರೆ, ಊರೂರಿನ ಕೋರ್ಟಿಗೆ ಅಲೆಯಬೇಕಾದರೆ, ಹಾರೆ ಹಿಡಿಸುವವರು ಯಾರು? ಮುಂದಿನ ಊರಿನಲ್ಲಿ ದೂರದಿಂದಲೇ ನೋಡಿ "ಚೆನ್ನಾಗಿದೆ" ಅಂತ ಬರೆದು ಹೋಗುತ್ತಿದ್ದರು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಹಾಗಂತ ಆ ಕೊಡೆ ಎಲ್ಲ ಮಳೆಗೂ ಅಲ್ಲ. ಸದ್ಭಾವನೆ ಅನ್ನುವ ಮಾತು ಸುಮ್ನೆ ಸೇರಿಸಿದ್ದಲ್ಲ. 2015 ನೆನಪಿದೆಯಲ್ವಾ? ಅಧಿಕಾರಿಗಳನ್ನು ಹೆದರಿಸಿ ದುಡ್ಡು ಕೇಳಿದರು ಅನ್ನುವ ಆರೋಪದಲ್ಲಿ ಆಗಿನ ಲೋಕಾಯುಕ್ತರ ಮಗನ ಬಂಧನವಾಯಿತು. ವರ್ಷದ ಕೊನೆಗೆ ಲೋಕಾಯುಕ್ತರೇ ರಾಜೀನಾಮೆ ಕೊಟ್ಟರು. ಲಂಚ ಕೇಳುವುದು ಯಾರ ಕರ್ತವ್ಯವೂ ಅಲ್ಲವಲ್ಲ, ಅದಕ್ಕೆ ರಕ್ಷಣೆ ಎಲ್ಲಿಂದ ಬರಬೇಕು.

ನನ್ನ ತಕರಾರು ಬೇರೆ. 1966ರಲ್ಲಿ ಮೊರಾರ್ಜಿ ದೇಸಾಯಿಯವರ ಆಡಳಿತ ಸುಧಾರಣಾ ಆಯೋಗ ಲೋಕಪಾಲ, ಲೋಕಾಯುಕ್ತ ಬೇಕು ಅಂದಿತು. ನಮ್ಮ ರಾಜ್ಯದ ಕಾಯ್ದೆ 1984ರದ್ದು, 1986ರಿಂದ ನಡೆಯುತ್ತಿದೆ. ಇಷ್ಟು ವರ್ಷದಲ್ಲಿ ತನಿಖೆ ಮಾಡುವವರಿಗೆ ಏನು ಬೇಕು ಅಂತ ಯೋಚನೆ ಮಾಡಿದವರು ದೂರು ಕೊಡುವವನ ಬಗ್ಗೆಯೂ ಅಷ್ಟೇ ಯೋಚಿಸಬಹುದಿತ್ತು. ಅವರಿಲ್ಲದಿದ್ದರೆ ತನಿಖೆ ಇಲ್ಲ, ಒಪ್ಪಿದೆ. ನಾನಿಲ್ಲದಿದ್ದರೆ ದೂರೇ ಇಲ್ಲ.

2023ರಲ್ಲಿ ಇಲಾಖಾ ವಿಚಾರಣೆಗೆ ಸಮನ್ಸು ಬಂತು. ಉಪಲೋಕಾಯುಕ್ತರ ವರದಿ ಸರ್ಕಾರಕ್ಕೆ ಹೋಗಿ, ಸರ್ಕಾರ ವಿಚಾರಣೆಯನ್ನು ಮತ್ತೆ ಅವರಿಗೇ ವಹಿಸಿತ್ತು. ವಿಚಾರಣಾಧಿಕಾರಿ ನ್ಯಾಯಾಧೀಶರು. ಹಾಲ್ ಚಿಕ್ಕದು, ಥೇಟ್ ಕೋರ್ಟಿನ ಹಾಗೇ. ನಾನು ಒಂದನೇ ಸಾಕ್ಷಿ. ಸಾಕ್ಷ್ಯ ಅಂತ ಗುರುತು ಹಾಕಿದ ಕಾಗದಕ್ಕೆ ಅಲ್ಲಿ ನಿಶಾನೆ ಅನ್ನುತ್ತಾರೆ. ನನ್ನ ದೂರು ನಿಶಾನೆ ಪಿ-1, ಅಫಿಡವಿಟ್ಟು ಪಿ-2. ಎದುರಿನ ವಕೀಲರು ನನ್ನನ್ನು ಮುಕ್ಕಾಲು ಗಂಟೆ ಪಾಟಿ ಸವಾಲು ಮಾಡಿದರು. ಪಂಚಾಯಿತಿ ಜೆರಾಕ್ಸ್ ಆರ್ಡರ್ ಕೊಡಲಿಲ್ಲ ಅನ್ನುವ ದ್ವೇಷಕ್ಕೆ ದೂರು ಕೊಟ್ಟಿರಿ ಅಂದರು. ಆರ್ಡರ್ ನಿಂತಿದ್ದು ದೂರು ಕೊಟ್ಟ ಮೇಲೆ ಸಾರ್ ಅಂದೆ. ಅದಾದ ಮೇಲೆ ಆ ವಿಷಯ ಎತ್ತಲಿಲ್ಲ.

ಎರಡನೇ ಸಾಕ್ಷಿ ಇಂಜಿನಿಯರು. ಅದೇ ಕ್ಯಾನ್ವಾಸ್ ಚೀಲ, ಅದೇ ಬಾಟ್ಲಿ. ನನ್ನನ್ನು ನೋಡಿದರು, ಗುರುತು ಹಿಡಿದ ಹಾಗೆ ಕಾಣಲಿಲ್ಲ. ಬೀದಿಯಲ್ಲಿ ಎರಡು ಮಾತಿಗೆ ಮೂರನೇ ಮಾತಾಡದ ಮನುಷ್ಯ ಅಲ್ಲಿ ಒಂದು ಗಂಟೆ ಮಾತಾಡಿದರು. ಉದ್ದ 92 ಮೀಟರ್. ತಳದ ಕಾಂಕ್ರೀಟು ಎಸ್ಟಿಮೇಟಿನಲ್ಲಿ 100 ಮಿಲಿಮೀಟರ್, ಮೂರು ಕಡೆ ಸಿಕ್ಕಿದ್ದು 60, 65, 70. ಸರ್ಕಾರಕ್ಕೆ ಆದ ನಷ್ಟ 2,17,000 ಚಿಲ್ಲರೆ. ಪೈಸೆ ಸಮೇತ ಹೇಳಿದರು, ಪೈಸೆ ನಾನು ಮರೆತೆ. ಎರಡು ವರ್ಷ ನನಗೆ ಬೇಕಾಗಿದ್ದ ಉತ್ತರ ಅದು. ತಳದ ದಪ್ಪದ ವಿಷಯ ನನ್ನ ದೂರಿನಲ್ಲಿ ಇರಲೇ ಇಲ್ಲ, ನನಗೆ ಹೊಳೆದೂ ಇರಲಿಲ್ಲ.

ಎದುರಿನ ವಕೀಲರು ಎದ್ದು ನಿಂತರು.

"ಸ್ಥಳ ತನಿಖೆಯ ದಿನ ದೂರುದಾರರ ಅಂಗಡಿಯಲ್ಲಿ ಕಾಫಿ ಕುಡಿದಿರಿ ಅಂದರೆ ಸರಿಯೇ?"

"ಸರಿಯಲ್ಲ. ಕಾಫಿ ತರಿಸಿದ್ದರು, ಬೇಡ ಅಂದೆ."

"ನೀರು?"

"ಕುಡಿಯಲಿಲ್ಲ. ಎಳನೀರನ್ನೂ ಕುಡಿಯಲಿಲ್ಲ, ಅದು ನಿಮ್ಮ ಕಡೆಯವರದ್ದು."

ಬೆರಳಚ್ಚು ಮಾಡುವ ಹುಡುಗಿ ತಲೆ ತಗ್ಗಿಸಿಕೊಂಡು ನಕ್ಕಳು.

"ದೂರುದಾರರಿಗೆ ನಿಮ್ಮ ಅಭಿಪ್ರಾಯವನ್ನು ಅವತ್ತೇ ತಿಳಿಸಿದ್ದಿರಿ?"

"ಕೇಳಿದರು. ಹೇಳಲಿಲ್ಲ."

ನನ್ನ ಕಿವಿ ಬಿಸಿಯಾಯಿತು. ಅವತ್ತು ಅವರು ನನಗೆ ಪಿಸುಮಾತಿನಲ್ಲಿ ಒಂದೇ ಒಂದು ಮಾತು ಹೇಳಿದ್ದರೆ ನಾನು ಸಂಜೆಯೊಳಗೆ ಹತ್ತು ಜನಕ್ಕೆ ಹೇಳುತ್ತಿದ್ದೆ. ಆ ಹತ್ತು ಜನರಲ್ಲಿ ಒಬ್ಬನನ್ನು ಇಲ್ಲಿ ಸಾಕ್ಷಿಗೆ ಕರೆತರುತ್ತಿದ್ದರು.

ಮುಗಿದ ಮೇಲೆ ಲಿಫ್ಟಿನ ಹತ್ತಿರ ಇಬ್ಬರೇ ಸಿಕ್ಕೆವು. ಧೈರ್ಯ ಮಾಡಿ ಕೇಳಿದೆ. "ಸಾರ್, ಎಲ್ಲ ಮುಗೀತಲ್ಲ. ಅವತ್ತು ಟ್ಯಾಂಕ್ ಹತ್ತಿರ ವಾಟರ್‌ಮನ್ ಏನು ಹೇಳಿದ?"

"ನಿಮ್ಮ ಊರಿಗೆ ಬಸ್ ಎಷ್ಟೊತ್ತಿಗೆ?" ಅಂದರು.

ಆಪಾದಿತರಲ್ಲಿ ಒಬ್ಬರು ಅಷ್ಟೊತ್ತಿಗೆ ಬೇರೆ ತಾಲ್ಲೂಕಿಗೆ ವರ್ಗವಾಗಿದ್ದರು. ವಿಚಾರಣೆಯ ವರದಿ ಸರ್ಕಾರಕ್ಕೆ ಹೋಯಿತು. ಹಣ ವಸೂಲಿಗೆ ಆದೇಶವಾಯಿತು ಅಂತ ಆಮೇಲೆ ತಿಳಿಯಿತು. ಚರಂಡಿ ಮಾತ್ರ ಈಗಲೂ ಗುಡಿಯ ಹತ್ತಿರ ಬಂದು ನಿಲ್ಲುತ್ತದೆ. ನಾನು ಪೇಪರ್ ಬಂಡಲುಗಳನ್ನು ಮೇಲಿನ ಹಲಗೆಗೆ ಎತ್ತಿಟ್ಟಿದ್ದೇನೆ.

ನೀರುಗಂಟಿಯ ಹೇಳಿಕೆ ಆ ವಿಚಾರಣೆಯ ಯಾವ ನಿಶಾನೆಯಲ್ಲೂ ಬರಲಿಲ್ಲ. ಅವನು ಅವತ್ತು ಏನಾದರೂ ಹೇಳಿದನೋ, ಬರೀ ವಾಲ್ವಿನ ಕಥೆ ಹೇಳಿ ಬಂದನೋ, ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಕೆಲಸದಲ್ಲಿ ಅವನಿನ್ನೂ ಇದ್ದಾನೆ. ಹೋದ ತಿಂಗಳು ಅಂಗಡಿಗೆ ಬಂದು, ಬನಿಯನ್ನಿನೊಳಗಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಕಾಗದ ತೆಗೆದು ಕೊಟ್ಟ. ಮಗಳ ಕಾಲೇಜಿಂದೋ, ಬ್ಯಾಂಕಿಂದೋ. ನಾನು ಬೆನ್ನ ಕಡೆ ಮೇಲೆ ಮಾಡಿ ಗಾಜಿನ ಮೇಲೆ ಇಟ್ಟೆ.

"ಎಷ್ಟು ಕಾಪಿ?" ಅಂದೆ.

"ಎರಡು" ಅಂದ.

ನಾಲ್ಕು ರೂಪಾಯಿ ಕೊಟ್ಟು ಸೈಕಲ್ ಹತ್ತಿದ.